ಹೊಡೆತ ತಿಂದವನು ಗಂಡನಾದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು, ಕೆಲಸದ ವಿವರಗಳನ್ನು ಬದಲಿಸಲಾಗಿದೆ.)

ಮಹಾಂತೇಶನಿಗೆ 36 ವರ್ಷ. ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ ಕಬ್ಬಿನ ಗಾಡಿ ತೂಗಿಸುವ ಕೆಲಸ. ಹೆಂಡತಿ ಸವಿತಾಗೆ 31, ಮಗಳಿಗೆ ಆರು. "ನಿದ್ದಿ ಹತ್ತವಲ್ದು, ಹೊಟ್ಟಿ ಉರೀತೈತಿ" ಎಂದು ಆತ ಹೋಗಿದ್ದು ಡಾಕ್ಟರ ಬಳಿಗೆ. ಅವರು ಬೆನ್ನು ನೋಡಿ ಆಪ್ತಸಲಹೆಗೆ ಕಳಿಸಿದರು. ಬಲ ಭುಜದ ಹಿಂದೆ ಬೆರಳುದ್ದದ ಸುಟ್ಟ ಗಾಯವಿತ್ತು. ಬೈಕಿನ ಸೈಲೆನ್ಸರ್ ಬಡಿಯಿತು ಎಂದು ಆತ ಹೇಳಿದ್ದ. ಸೈಲೆನ್ಸರ್ ಸುಡುವುದು ಮೀನಖಂಡವನ್ನು, ಭುಜದ ಹಿಂಭಾಗವನ್ನಲ್ಲ.

ಇಂಥ ಕಡೆ "ಯಾರು ಹೊಡೆದರು?" ಎಂದು ನೇರ ಕೇಳಿದರೆ ಗಂಡಸು ಬಾಯಿ ಮುಚ್ಚಿಬಿಡುತ್ತಾನೆ. "ಮನೀಗೆ ಹೋಗೂ ಹೊತ್ತಿಗೆ ಎದಿ ಡವಡವ ಅಂತೈತೇನ್ರಿ?" ಎಂದು ಕೇಳಲಾಯಿತು. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಗಾಡಿ ನಿಲ್ಲಿಸಿ ಹೊರಗ ನಿಂದರ್ತೀನ್ರಿ. ಒಳಗಿನ ದನಿ ಹೆಂಗೈತಿ ಕೇಳ್ಕೊಂಡು ಹೋಗ್ತೀನಿ."

ಹೆಂಡತಿ ಹೊಡೆಯುವುದು ಒಂದು ವರ್ಷಕ್ಕೂ ಮೇಲ್ಪಟ್ಟು ನಡೆದಿತ್ತು. ಮೊದಲು ಕಪಾಳಕ್ಕೆ, ಆಮೇಲೆ ಲಟ್ಟಣಿಗೆ, ಕೊನೆಗೆ ಒಲೆಯ ಮೇಲಿನ ಬಿಸಿ ಹಂಚು. ಅಣ್ಣನಿಗೆ ಹೇಳಿದಾಗ "ಬಳಿ ತೊಟ್ಕೊಂಡು ಕುಂದ್ರು" ಎಂದ. ಠಾಣೆಯಲ್ಲಿ ನಕ್ಕು ಕಳಿಸಿದರು. ತಾಯಿ ಮಾತ್ರ ನಗಲಿಲ್ಲ, "ನೀ ಏನ್ ಮಾಡಿದ್ದಿ?" ಎಂದರು. ಇದೇ ಗಾಯ ಹೊತ್ತು ಸವಿತಾ ಬಂದಿದ್ದರೆ ಮೊದಲ ಪ್ರಶ್ನೆ ಇದಾಗುತ್ತಿರಲಿಲ್ಲ. ಯಾರಾದರೂ ಕೇಳಿದ್ದರೆ ನಾವೇ ತಡೆಯುತ್ತಿದ್ದೆವು. ಗಂಡಸಿಗೂ ಅದೇ ತಡೆ ಸಲ್ಲಬೇಕು.

ಹೀಗೆಂದ ಮಾತ್ರಕ್ಕೆ ಹೆಂಗಸರ ಕಷ್ಟ ಚಿಕ್ಕದಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದೇ ಸಮೀಕ್ಷೆಯಲ್ಲಿ, ಗಂಡ ಹೊಡೆಯದೆ ಇದ್ದಾಗ ತಾವೇ ಮೊದಲು ಕೈ ಮಾಡಿದ್ದಾಗಿ ಒಪ್ಪಿಕೊಂಡವರು ದೇಶದಲ್ಲಿ ಶೇ 4ರಷ್ಟು. ಆ ಪ್ರಶ್ನೆಯನ್ನು ಕೇಳಿದ್ದು ಹೆಂಡತಿಯರಿಗೆ. ಹೊಡೆತ ತಿಂದೆಯಾ ಎಂದು ಗಂಡಂದಿರನ್ನು ಯಾರೂ ಕೇಳಲಿಲ್ಲ.

ಹೊಡೆಯುವ ಗಂಡನೇ ಹೊಡೆಸಿಕೊಂಡವನಂತೆ ಬಂದು ಕೂರುವುದೂ ಉಂಟು. ಆದ್ದರಿಂದ ಇಬ್ಬರನ್ನೂ ಬೇರೆ ಬೇರೆ ದಿನ ಕರೆಸಿ, ಇಬ್ಬರಿಗೂ ಅವವೇ ಪ್ರಶ್ನೆ ಕೇಳಬೇಕು. ಯಾರಿಗೆ ಯಾರ ಅಂಜಿಕೆ? ಯಾವ ಸಾಮಾನಿನಿಂದ ಹೊಡೆತ, ಎಷ್ಟು ದಿನಕ್ಕೊಮ್ಮೆ? ಕುತ್ತಿಗೆಗೆ ಎಂದಾದರೂ ಕೈ ಹೋಗಿದೆಯೆ? ರೊಕ್ಕ, ಮೊಬೈಲ್ ಯಾರ ಹಿಡಿತದಲ್ಲಿ? ಮಗು ಆಗ ಎಲ್ಲಿರುತ್ತದೆ? ಕುತ್ತಿಗೆಗೆ ಕೈ ಹೋಗಿದೆ ಎಂದರೆ ಜೀವಕ್ಕೇ ಅಪಾಯವಿದೆ ಎಂದು ತಿಳಿದು ಅಂದೇ ಬೇರೆ ಕಡೆ ಮಲಗುವ ವ್ಯವಸ್ಥೆ ಆಗಬೇಕು. ಇಲ್ಲಿ ಹಾಗಿರಲಿಲ್ಲ. ಸವಿತಾ ಹೊಡೆದದ್ದನ್ನು ಮುಚ್ಚಿಡಲಿಲ್ಲ. ಗಂಡ ಎಂದೂ ತಿರುಗಿ ಕೈ ಎತ್ತಿಲ್ಲ ಎಂದೂ ಹೇಳಿದಳು. ಅಂಜಿಕೆ ಇದ್ದದ್ದು ಒಂದೇ ಕಡೆ.

ಆಕೆಯ ಸಿಟ್ಟಿಗೆ ಕಾರಣವಿತ್ತು. ತವರಿನಿಂದ ತಂದ ಮೂರು ತೊಲೆ ಬಂಗಾರವನ್ನು ಮಹಾಂತೇಶ ಆಕೆಗೆ ಹೇಳದೆ ಅಡವಿಟ್ಟು, 1,20,000 ರೂಪಾಯಿ ತಂದು ಅಣ್ಣನ ಟ್ರ್ಯಾಕ್ಟರ್ ಕಂತಿಗೆ ಕೊಟ್ಟಿದ್ದ. ಅದು ಸ್ತ್ರೀಧನ, ಕಾನೂನಿನಲ್ಲಿ ಆಕೆಯೊಬ್ಬಳದೇ ಸ್ವತ್ತು. ಈ ಮಾತನ್ನು ಆತನಿಗೆ ಮೆತ್ತಗೆ ಹೇಳಲಿಲ್ಲ, ಖಡಕ್ಕಾಗಿಯೇ ಹೇಳಲಾಯಿತು. ಆದರೆ ಬಂಗಾರದ ಲೆಕ್ಕವನ್ನೂ ಹೊಡೆತದ ಲೆಕ್ಕವನ್ನೂ ಒಂದೇ ದಿನ ಕೂತು ಬಗೆಹರಿಸಬಾರದು. ಎರಡನ್ನೂ ಕೂಡಿಸಿದರೆ "ಅಡವಿಟ್ಟ, ಅದಕ್ಕ ಹೊಡದ್ಲು" ಎಂದು ಹೊಡೆತಕ್ಕೆ ನ್ಯಾಯ ಸಿಕ್ಕಂತಾಗುತ್ತದೆ. ಹಿರಿಯರ ಪಂಚಾಯ್ತಿಗಳು ಕೆಡುವುದು ಬಹುಪಾಲು ಇಲ್ಲಿಯೇ.

ಎಲ್ಲಕ್ಕಿಂತ ಮೊದಲು ಕೇಳಿದ್ದು ಸಾವಿನ ಯೋಚನೆಯ ಬಗ್ಗೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ ಶೇ 72ರಷ್ಟು ಗಂಡಸರು, ದಾಖಲಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಯೇ ಮುಂದು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ ಹೇಳುತ್ತದೆ. "ಸಾಯಬೇಕು ಅನಿಸೈತೇನು?" ಎಂದು ಕೇಳಿದರೆ ಅದು ತಲೆಗೆ ಹೊಸದಾಗಿ ಹೊಕ್ಕುವುದಿಲ್ಲ, ಇದ್ದದ್ದು ಹೊರಬರುತ್ತದೆ. ಮಹಾಂತೇಶ ಎರಡು ಸಲ ಹೊಲದ ಎಣ್ಣಿಯ (ಕೀಟನಾಶಕದ) ಡಬ್ಬಿ ಕೈಗೆತ್ತಿಕೊಂಡು ಇಟ್ಟಿದ್ದ. ಅಂದೇ ಮಹಾಂತೇಶನ ಒಪ್ಪಿಗೆ ಪಡೆದು ಆತನ ಗೆಳೆಯನನ್ನು ಕರೆಸಲಾಯಿತು. ಕೀಟನಾಶಕ, ಕಳೆನಾಶಕ ಎಲ್ಲವೂ ಗೆಳೆಯನ ಗೋದಾಮಿಗೆ ಹೋದವು, ಕೀಲಿಯೂ ಅಲ್ಲಿಯೇ. ಹೊಲಕ್ಕೆ ಹೊಡೆಯುವ ದಿನ ಬೇಕಾದಷ್ಟೇ ತರಬೇಕು, ಉಳಿದದ್ದು ಮನೆಗೆ ಬರಕೂಡದು. ಆ ಹುಚ್ಚು ಗಳಿಗೆ ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ನಂಬರನ್ನು ಮೊಬೈಲಿನಲ್ಲಿ ಹಾಕಿಕೊಡಲಾಯಿತು. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಾನೂನಿನ ದಾರಿ ಗಂಡಸಿಗೆ ಇಕ್ಕಟ್ಟಾದದ್ದು, ಆದರೆ ಮುಚ್ಚಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ ಕೇಳುವ ಹಕ್ಕು ಮಹಿಳೆಗೆ ಮಾತ್ರ. ಗಂಡನಿಗೆ ಉಳಿಯುವುದು ಸಾಮಾನ್ಯ ಕಾನೂನು. ಭಾರತೀಯ ನ್ಯಾಯ ಸಂಹಿತೆಯ 115(2)ರಡಿ ಬರುವ ಸಾದಾ ಹೊಡೆತ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಬೆಂಕಿ ಅಥವಾ ಕಾದ ವಸ್ತುವಿನಿಂದ ಆದ ಗಾಯ 118(1)ಕ್ಕೆ ಬರುತ್ತದೆ. ಅದು ಸಂಜ್ಞೇಯ, ನೇರ ಎಫ್‌ಐಆರ್ ಆಗಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಬರೆದು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಲು ನಾಗರಿಕ ಸುರಕ್ಷಾ ಸಂಹಿತೆಯ 173(4) ಅವಕಾಶ ಕೊಡುತ್ತದೆ. ಹಂಚಿನ ಗಾಯವನ್ನು ಸೈಲೆನ್ಸರ್ ಗಾಯ ಎಂದು ಬರೆಸಿದ್ದರಿಂದ ಮಹಾಂತೇಶನ ಈ ದಾರಿಗೆ ಪೆಟ್ಟು ಬಿದ್ದಿತ್ತು. ಮತ್ತೆ ಡಾಕ್ಟರ ಬಳಿ ಹೋಗಿ ನಿಜ ಕಾರಣ ಹೇಳಿ ಬರೆಸಲು, ಗಾಯದ ಎರಡು ಫೋಟೊ, ಒಂದು ಹತ್ತಿರದಿಂದ, ಒಂದು ಮುಖ ಕಾಣುವಂತೆ, ತೆಗೆದಿಡಲು ಹೇಳಲಾಯಿತು. ಫೋಟೊ ಬೀಗರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಮರ್ಯಾದೆಯ ಜಗಳ ಎದ್ದರೆ ಹಿಂಸೆಯ ಮಾತು ಅಲ್ಲಿಗೇ ಮುಳುಗುತ್ತದೆ. ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳುವ ಹಕ್ಕು ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ. ಆತನಿಗೆ ಅದು ಬೇಡವಾಗಿತ್ತು.

"498ಎ ಹಾಕ್ತೀನಿ" ಎಂಬ ಮಾತಿಗೆ ಆತ ತುಂಬ ಅಂಜಿದ್ದ. ಗಂಡ ಅಥವಾ ಆತನ ಮನೆಯವರು ಹೆಂಡತಿಗೆ ಕೊಡುವ ಕ್ರೌರ್ಯಕ್ಕೆ ಶಿಕ್ಷೆ ಹೇಳುವ, ಹಳೆಯ ಭಾರತೀಯ ದಂಡ ಸಂಹಿತೆಯ ಆ ಕಲಂ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 85. ಇಂಥ ಪ್ರಕರಣಗಳಲ್ಲಿ ಅಗತ್ಯವಿದೆಯೇ ಎಂದು ನೋಡದೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಬಂದರೆ ಹೇಳಿದ ದಿನ ಹಾಜರಾಗಬೇಕು. ಊರು ಬಿಟ್ಟು ಓಡಿದವನೇ ಬಂಧನಕ್ಕೆ ಕಾರಣ ಒದಗಿಸುತ್ತಾನೆ. ಹೆದರಿಕೆಯಿಂದ ತಾನೇ ಮೊದಲು ಸುಳ್ಳು ಸೇರಿಸಿ ದೂರು ಕೊಡುವುದೂ ಬೇಡ.

ಜಗಳ ಹತ್ತಿದ ಹೊತ್ತಿಗೆ ಕೊಟ್ಟ ಸಲಹೆ ಇಷ್ಟು: ಅಡಿಗೆ ಮನೆಯಲ್ಲಿ ನಿಲ್ಲಬೇಡ, ಬಾಗಿಲು ನಿನ್ನ ಬೆನ್ನಿಗಿರಲಿ. ಆಕೆಯ ಮಣಿಕಟ್ಟು ಹಿಡಿಯಬೇಡ. ತಡೆಯಲು ಹಿಡಿದದ್ದೂ ಕೆಂಪಗೆ ಗುರುತು ಬಿಡುತ್ತದೆ, ಆಮೇಲೆ ಅದು ಬೇರೆಯೇ ಕತೆ ಹೇಳುತ್ತದೆ. "ಒಂದು ತಾಸಿಗೆ ಬರ್ತೀನಿ" ಎಂದು ಹೇಳಿ ಹೊರಡು, ಹೇಳಿದ ಹೊತ್ತಿಗೇ ಬಾ. ಆಧಾರ್, ಪಾಸ್‌ಬುಕ್, ಒಂದು ಜೊತೆ ಬಟ್ಟೆ ಗೆಳೆಯನ ಮನೆಯಲ್ಲಿರಲಿ. ಮಗಳನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಬೇಡ. ಮಗುವಿನ ಮೈಮೇಲೆ ಬಂದರೆ 112ಕ್ಕೆ ಫೋನ್ ಮಾಡು.

ಸವಿತಾ ಕೂತದ್ದು ಬೇರೆ ದಿನಗಳಲ್ಲಿ. "ಅಪ್ಪ ಅವ್ವಗ ಹೊಡೀತಿದ್ದ. ನಾ ಹೊಡಸ್ಕೋಬಾರ್ದು ಅಂತ ಸಣ್ಣಾಕಿ ಇದ್ದಾಗನ ಮಾಡಿದ್ದೆ" ಎಂದಳು. ಹೊಡೆಯುವ ಮುಂಚೆ ಮೈಯಲ್ಲಿ ಏನಾಗುತ್ತದೆ ಎಂದು ಹುಡುಕಿದಾಗ ಕಿವಿ ಬಿಸಿಯಾಗುವುದು, ಹಲ್ಲು ಕಚ್ಚುವುದು ಆಕೆಗೇ ತಿಳಿಯಿತು. ಆ ಗುರುತು ಕಂಡ ಕೂಡಲೇ ಒಲೆ ಆರಿಸಿ ಅಂಗಳಕ್ಕೆ ಹೋಗುವುದು ಆಕೆಯ ಪಾಲಿನ ಕರಾರು. ನಿದ್ರೆ, ಸಿಟ್ಟಿನ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ನೋಡುವ ಮನೋಚೈತನ್ಯ ಕ್ಲಿನಿಕ್‌ಗೆ ಕಳಿಸಲಾಯಿತು. ಹೊಡೆತ ನಿಂತು ಮೂರು ತಿಂಗಳಾಗುವವರೆಗೆ ಇಬ್ಬರನ್ನೂ ಒಟ್ಟಿಗೆ ಕೂಡಿಸಲಿಲ್ಲ. ಮೊದಲೇ ಕೂಡಿಸಿದರೆ ಇಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ.

ಬಂಗಾರದ ಮಾತು ಭಾನುವಾರ ಬೆಳಿಗ್ಗೆ ಮಾತ್ರ, ಅಡವಿನ ಚೀಟಿ ಮುಂದಿಟ್ಟುಕೊಂಡು. ತಿಂಗಳಿಗೆ ಅಣ್ಣ 5,000, ಮಹಾಂತೇಶ 7,000 ಕಟ್ಟಬೇಕು, ರಸೀದಿ ಸವಿತಾ ಕೈಗೆ. ಒಡವೆಗಳನ್ನು ಎರಡು ಚೀಟಿಯಲ್ಲಿ ಅಡವಿಟ್ಟಿದ್ದರಿಂದ ಒಂದನ್ನು ಮೊದಲು ಬಿಡಿಸಲು ಸಾಧ್ಯವಾಯಿತು. ಒಂದೇ ಚೀಟಿಯಾಗಿದ್ದರೆ ಪೂರ್ತಿ ತೀರುವವರೆಗೆ ಕಾಯಬೇಕಾಗಬಹುದಿತ್ತು. ಬೋರಮಾಳ ಮನೆಗೆ ಬಂದಿದೆ, ಬಿಲ್ವಾರ ಇನ್ನೂ ಅಡವಿನಲ್ಲಿದೆ.

ಹೊಡೆತ ನಿಂತಿದೆ, ಒಮ್ಮೆ ತಾಟು ಎಸೆದದ್ದು ಬಿಟ್ಟರೆ. ಅದನ್ನೂ ಘಟನೆ ಎಂದೇ ಬರೆದಿಟ್ಟು ಮೂರು ತಿಂಗಳ ಲೆಕ್ಕವನ್ನು ಹೊಸದಾಗಿ ಶುರು ಮಾಡಲಾಯಿತು. ಕಬ್ಬು ನುರಿಸುವ ಹಂಗಾಮು ಶುರುವಾದರೆ ರಾತ್ರಿ ಪಾಳಿ, ನಿದ್ದೆಗೇಡು. ಅದಕ್ಕೆ ಆ ಮೊದಲ ತಿಂಗಳು ವಾರಕ್ಕೊಮ್ಮೆ ಇಬ್ಬರೂ ಬೇರೆ ಬೇರೆಯಾಗಿ ಬರಬೇಕೆಂದು ಗೊತ್ತು ಮಾಡಲಾಗಿದೆ. ಎಣ್ಣಿ ಡಬ್ಬಿಗಳ ಕೀಲಿ ಗೆಳೆಯನ ಬಳಿಯೇ ಇರುತ್ತದೆ.