ಗುಳಿಗೆ ಪುಕ್ಕಟೆ ಕೊಟ್ಟರೂ ಯಾಕೆ ತಪ್ಪಿಸುತ್ತಾರೆ: ಮೊಳಕಾಲ್ಮೂರು ಕಡೆಯಿಂದ ಉತ್ತರ

ಎಚ್‌ಐವಿ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ 2004ರಿಂದಲೂ ಪುಕ್ಕಟೆ ಸಿಗುತ್ತಿದೆ, ಆದರೂ ಜನ ನಡುವೆ ಯಾಕೆ ಬಿಡುತ್ತಾರೆ ಎಂದು ಕೇಳಿದ್ದೀರಿ. ಉಡಾಫೆ ಎನ್ನಬೇಡಿ. ಮೊಳಕಾಲ್ಮೂರಿನ ಹಳ್ಳಿಯಿಂದ ಚಿತ್ರದುರ್ಗದ ಎಆರ್‌ಟಿ ಸೆಂಟರ್‌ಗೆ, ಅಂದರೆ ಎಚ್‌ಐವಿ ಗುಳಿಗೆ ಕೊಡುವ ಸರ್ಕಾರಿ ಚಿಕಿತ್ಸಾ ಕೇಂದ್ರಕ್ಕೆ, ಹೋದರೆ ಬೆಳಗಿನ ಬಸ್ಸು, ಚೀಟಿ, ತೂಕ, ಕೌನ್ಸೆಲರ್, ಡಾಕ್ಟರ್, ಕೊನೆಗೆ ಔಷಧಿ ಕಿಟಕಿ. ಅಲ್ಲಿಗೆ ಒಂದು ದಿನದ ಕೂಲಿ ಹೋಯಿತು. ಶೇಂಗಾ ಬಿತ್ತನೆ ಹೊತ್ತಿನಲ್ಲಿ ಆ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಡಬ್ಬಿ ಖಾಲಿ.

ಲಿಂಕ್ ಎಆರ್‌ಟಿ (ದೊಡ್ಡ ಸೆಂಟರ್‌ನ ಗುಳಿಗೆಯನ್ನು ಹತ್ತಿರದಲ್ಲೇ ಕೊಡುವ ಉಪಕೇಂದ್ರ) ಇರುವ ತಾಲ್ಲೂಕು ಆಸ್ಪತ್ರೆ ಸಾಲದೇ ಎನ್ನಬಹುದು. ಅಲ್ಲಿನ ಬೆಂಚಿನ ಮೇಲೆ ಊರಿನವರೇ ಕೂತಿರುತ್ತಾರೆ. ಗಡಿ ದಾಟಿ ಆಂಧ್ರದ ರಾಯದುರ್ಗದ ಕಡೆ ಹೋದರೂ ಬೀಗರು, ನೆಂಟರು. 2017ರ ಎಚ್‌ಐವಿ ಕಾಯ್ದೆ ರೋಗಿಯ ಗುಟ್ಟು ಕಾಪಾಡಬೇಕೆನ್ನುತ್ತದೆ, ಪಕ್ಕದಲ್ಲಿ ಕೂತವರ ಬಾಯಿ ಕಟ್ಟುವವರು ಯಾರು? ಡಬ್ಬಿ ಗಲಗಲ ಸದ್ದು ಮಾಡುತ್ತದೆಂದು ಗುಳಿಗೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಳ್ಳುವವರಿದ್ದಾರೆ. ತೇವ ಹೀರುವ ಪೊಟ್ಟಣ ಡಬ್ಬಿಯಲ್ಲೇ ಉಳಿದು ಗುಳಿಗೆ ಹಾಳಾಗುತ್ತದೆ. ಡಬ್ಬಿಯೊಳಗೆ ಸ್ವಲ್ಪ ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ, ಬೇಕಾದರೆ ಮೇಲಿನ ಲೇಬಲ್ ಕಿತ್ತುಹಾಕಲಿ.

ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ದಿನಕ್ಕೆ ಒಂದೇ ಗುಳಿಗೆ. ಊಟದ ಕಟ್ಟುಪಾಡಿಲ್ಲ, ಶಿವರಾತ್ರಿ ಉಪವಾಸವಿದ್ದರೂ ನೀರು ಕುಡಿದು ನುಂಗಬಹುದು. ಆದರೆ ಗರ್ಭಿಣಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ಮತ್ತು ಗ್ಯಾಸಿಗೆ ಕುಡಿಯುವ ಬಿಳಿ ಔಷಧಿ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಅವನ್ನು ತೆಗೆದುಕೊಳ್ಳುವುದಕ್ಕೆ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ಆದಮೇಲೆ ಟಿಎಲ್‌ಡಿ ನುಂಗಬೇಕು. ಕಬ್ಬಿಣದ್ದು ಮಧ್ಯಾಹ್ನ 1ಕ್ಕೆ, ಟಿಎಲ್‌ಡಿ ರಾತ್ರಿ 9ಕ್ಕೆ ಎಂದಿಟ್ಟುಕೊಂಡರೆ ಗೊಂದಲವಿಲ್ಲ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ನುಂಗಬಾರದು.

ಕೊಟ್ಟ ಗುಳಿಗೆಯಲ್ಲಿ ಶೇಕಡ 95ರಷ್ಟಾದರೂ ನುಂಗಿರಬೇಕು ಎನ್ನುತ್ತಾರೆ ಸೆಂಟರ್‌ನವರು. ತಿಂಗಳ 30ರಲ್ಲಿ ಒಂದು ತಪ್ಪಿದರೆ 96.7, ಎರಡು ತಪ್ಪಿದರೆ 93.3. ಉಳಿದ ಗುಳಿಗೆ ಎಣಿಸಿ ಈ ಲೆಕ್ಕ ಹಾಕುತ್ತಾರೆ. ಬೈಸಿಕೊಳ್ಳಬೇಕಾಗುತ್ತದೆಂದು ಹೆದರಿದವರು ಉಳಿದದ್ದನ್ನು ಬಸ್‌ಸ್ಟ್ಯಾಂಡಿನಲ್ಲೇ ಎಸೆದು ಬರುತ್ತಾರೆ, ಪುಸ್ತಕದಲ್ಲಿ ನೂರಕ್ಕೆ ನೂರು ಬೀಳುತ್ತದೆ. ನಿಜ ಗೊತ್ತಾಗುವುದು ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್ ಎಣಿಕೆ) 1000 ದಾಟಿದಾಗ. ಸಾಲು ಉದ್ದವಿದ್ದಾಗ ಕೌನ್ಸೆಲರ್ "ಸರಿಯಾಗಿ ನುಂಗ್ತಿದ್ದೀರಾ?" ಎಂದರೆ ಎಲ್ಲರೂ "ಹೂಂ" ಎನ್ನುತ್ತಾರೆ. "ಹೋದ ನಾಲ್ಕು ದಿನದಲ್ಲಿ ಯಾವತ್ತು ತಪ್ಪಿತಮ್ಮ?" ಎಂದು ಕೇಳಬೇಕು. ಅದಕ್ಕೂ ಅರ್ಧ ನಿಮಿಷವೇ ಸಾಕು, ಉತ್ತರ ಮಾತ್ರ ಬೇರೆ ಬರುತ್ತದೆ. ಬೈಯುವ ಕಡೆ ಯಾರೂ ನಿಜ ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಗುಳೆ ಹೋದಾಗ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಮೇಸ್ತ್ರಿ ಕರೆದ ರಾತ್ರಿಯೇ ಹೊರಡುತ್ತಾರೆ. ಆರೋಗ್ಯ ಸ್ಥಿರವಾಗಿದ್ದವರಿಗೆ 3 ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ಅವಕಾಶವಿದೆ. ಬಿತ್ತನೆ ಮುಗಿಯುವ ಮುಂಚೆಯೇ ಕೇಳಿ ತಂದಿಟ್ಟುಕೊಳ್ಳಬೇಕು. ಹೇಳದೆ ಹೋದವರೂ ಎಆರ್‌ಟಿ ಪುಸ್ತಕ ಹಿಡಿದು ಅಲ್ಲಿನ ಯಾವುದೇ ಸರ್ಕಾರಿ ಎಆರ್‌ಟಿ ಸೆಂಟರ್‌ಗೆ ಹೋದರೆ ಅಲ್ಲಿರುವಷ್ಟು ದಿನಕ್ಕೆ ಬೇಕಾದ ಗುಳಿಗೆ ಕೇಳಬಹುದು. ಅಲ್ಲೇ ನೆಲೆ ನಿಲ್ಲುವುದಾದರೆ ವರ್ಗಾವಣೆ ಮಾಡಿಸಿಕೊಳ್ಳಬಹುದು. ಸೆಂಟರ್ ಎಲ್ಲಿದೆ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಬೇಕು, ಅದಕ್ಕೂ ದುಡ್ಡಿಲ್ಲ.