ಒಲೆ ಪಕ್ಕದ ಗ್ರಾನೈಟ್ ಕಟ್ಟೆಯ ಜಿಡ್ಡಿಗೆ ನಿಂಬೆಹಣ್ಣು ಹಚ್ಚಬಹುದಾ?

ಗಂಗಾವತಿಯ ಹೊಸ ಮನೆ, ಇಳಕಲ್ಲಿನ ಕೆಂಪು ಗ್ರಾನೈಟ್, ಒಲೆ ಸುತ್ತ ಅಂಟಂಟು ಜಿಡ್ಡು. ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕು ಅಂತ ಅತ್ತೆಯವರು ಹೇಳಿದ್ದಾರೆ, ಸರಿನಾ ಅಂತ ಕೇಳಿದ್ದೀರಿ.

ಬೇಡ. ಹಿತ್ತಾಳೆ ಚೊಂಬಿಗೆ ಅದು ಸರಿ, ಕಟ್ಟೆಗಲ್ಲ. ಹುಳಿಗೆ ಎಣ್ಣೆ ಬಿಡುವುದಿಲ್ಲ. ಪದೇ ಪದೇ ಹಚ್ಚಿದರೆ ಕಲ್ಲಿನ ಸೀಲರ್ (ನೀರು, ಎಣ್ಣೆ ಒಳಗೆ ಇಳಿಯದಂತೆ ಹಚ್ಚುವ ದ್ರವ) ಹೋಗಿ ಹೊಳಪು ಮಂಕಾಗಬಹುದು. ವಿನೆಗರ್, ಹುಣಸೆಹಣ್ಣಿಗೂ ಇದೇ ಮಾತು. ಬಾತ್‌ರೂಮ್ ಆ್ಯಸಿಡ್ ಅಂತೂ ಅಡುಗೆಮನೆಗೆ ತರಲೇಬೇಡಿ. ಅತ್ತೆಯವರಿಗೆ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು!

ನಾನು ಕುಷ್ಟಗಿ ಕಡೆಯವಳು, ನಮ್ಮ ಮನೆಯಲ್ಲೂ ಅದೇ ಕಲ್ಲು. ಸಂಜೆಯಾದರೆ ಮಿರ್ಚಿ ಕರಿಯುವ ಮನೆ. ಸಿಡಿದ ಎಣ್ಣೆ ಒಲೆ ಕಾವಿಗೆ ಕಾಯ್ದು ಕಾಯ್ದು, ಕಡಲೆಹಿಟ್ಟು, ಧೂಳು ಸೇರಿ ವಾರ್ನಿಷ್ ಹಾಗೆ ಗಟ್ಟಿಯಾಗುತ್ತದೆ. ಇದನ್ನು ತಿಕ್ಕಿ ತೆಗೆಯಲು ಹೋದರೆ ಕೈ ನೋಯುತ್ತದೆ ಅಷ್ಟೇ. ನೆನೆಸಬೇಕು.

ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಒಲೆ ಪೂರ್ತಿ ತಣ್ಣಗಾದ ಮೇಲೆ ಎತ್ತಿ ಪಕ್ಕಕ್ಕಿಡಿ. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಹಾಕಿ, ಹಳೇ ಕಾಟನ್ ಬಟ್ಟೆ ಅದ್ದಿ ಹಿಂಡಿ, ಜಿಡ್ಡಿನ ಮೇಲೆ 10 ನಿಮಿಷ ಹಾಸಿಡಿ. ಆಮೇಲೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿದರೆ ಕಂದು ಬಣ್ಣದ ಸುರುಳಿಯಾಗಿ ಎದ್ದು ಬರುತ್ತದೆ. ಬರದಿದ್ದರೆ ಇನ್ನೊಮ್ಮೆ ಬಟ್ಟೆ ಹಾಸಿ. ಸ್ಟೀಲ್ ಸ್ಕ್ರಬರ್, ಪಾತ್ರೆ ತಿಕ್ಕುವ ಪುಡಿ ಬೇಡ, ಪಾಲಿಶ್ ಮೇಲೆ ಗೀರು ಬೀಳಬಹುದು.

ಕೊನೆಗೆ ಬರೀ ನೀರಿನಲ್ಲಿ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ನಮ್ಮ ಕಡೆ ಬೋರ್ ನೀರು ಗಡಸು ಅಲ್ವಾ, ಹಾಗೇ ಆರಲು ಬಿಟ್ಟರೆ ಬಿಳಿ ಪೊರೆ ಕೂರುತ್ತದೆ. ಜನ ಅದನ್ನೂ ಜಿಡ್ಡು ಅಂದುಕೊಂಡು ಇನ್ನಷ್ಟು ಸೋಪು ಸುರಿಯುತ್ತಾರೆ.

ಈಗ ಬೆರಳಾಡಿಸಿ ನೋಡಿ. ನುಣ್ಣಗಿದೆ, ಆದರೂ ಕಲ್ಲು ಅಲ್ಲಲ್ಲಿ ಕಪ್ಪಗಿದೆಯಾ? ಒಂದು ದಿನ ಬಿಡಿ, ನೀರಿನ ತೇವವಾದರೆ ತಾನೇ ಆರುತ್ತದೆ. ಆರದಿದ್ದರೆ ಎಣ್ಣೆ ಕಲ್ಲಿನೊಳಗೆ ಇಳಿದಿದೆ, ಮೇಲೆ ಎಷ್ಟು ಒರೆಸಿದರೂ ಅಷ್ಟೇ. ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಕಾಲು ಇಂಚು ದಪ್ಪ ಬಳಿಯಿರಿ. ಕಲೆಗಿಂತ ಸ್ವಲ್ಪ ಆಚೆಗೂ ಬರಲಿ. ತೊಳೆದ ಹಾಲಿನ ಪ್ಯಾಕೆಟ್ ಕತ್ತರಿಸಿ ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ. ಒಂದು ದಿನ ಕಳೆದ ಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಅದು ಎಣ್ಣೆಯನ್ನು ಎಳೆದುಕೊಳ್ಳುವುದು, ಅವಸರ ಮಾಡಬೇಡಿ. ಹಳೇ ಕಲೆ ಒಂದೇ ಸಲಕ್ಕೆ ಹೋಗುವುದು ಅಪರೂಪ, ಎರಡು ಮೂರು ಸಲ ಬೇಕಾಗುತ್ತದೆ.

ಆಮೇಲೆ ಕಟ್ಟೆ ಚೆನ್ನಾಗಿ ಒಣಗಿದಾಗ ನಾಲ್ಕು ಹನಿ ನೀರು ಹಾಕಿ, 10-15 ನಿಮಿಷ ಬಿಟ್ಟು ಒರೆಸಿ. ಅಷ್ಟು ಜಾಗ ಕಪ್ಪಾಗಿದ್ದರೆ ಕಲ್ಲು ಹೀರುತ್ತಿದೆ, ಗ್ರಾನೈಟ್ ಸೀಲರ್ ಹಚ್ಚಿಸಿ. ಕಪ್ಪಾಗದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ. ಹೀರದ ಕಲ್ಲಿಗೆ ಸೀಲರ್ ಹಚ್ಚಿದರೆ ಅದೇ ಮೇಲೆ ಮಸುಕಾಗಿ ಉಳಿಯುತ್ತದೆ.