ವಿಂಡೋಸ್ ಫಾರ್ಮ್ಸ್ ತಂತ್ರಾಂಶಕ್ಕೆ ಎಫ್1 ಸಹಾಯವನ್ನು ಸೇರಿಸುವುದು ಹೇಗೆ?

ಎಫ್1 ಒತ್ತಿದಾಗ ಬಳಕೆದಾರರು ಇರುವ ಪರದೆಗೆ ಸಂಬಂಧಿಸಿದ ಸಹಾಯಪುಟವೇ ತೆರೆಯಬೇಕೆಂದಾದರೆ, ವಿಂಡೋಸ್ ಫಾರ್ಮ್ಸ್‌ನಲ್ಲಿ (ಡಾಟ್‌ನೆಟ್‌ನಲ್ಲಿ ವಿಂಡೋಸ್ ತಂತ್ರಾಂಶಗಳ ಪರದೆಗಳನ್ನು ಕಟ್ಟುವ ವ್ಯವಸ್ಥೆ) ಅದಕ್ಕೆಂದೇ ಹೆಲ್ಪ್‌ಪ್ರೊವೈಡರ್ ಎಂಬ ಘಟಕವಿದೆ. ಅದನ್ನು ಫಾರ್ಮ್‌ಗೆ, ಅಂದರೆ ತಂತ್ರಾಂಶದ ಕಿಟಕಿಗೆ, ಸೇರಿಸಿ, ಅದರ ಹೆಲ್ಪ್‌ನೇಮ್‌ಸ್ಪೇಸ್ ಎಂಬ ಪ್ರಾಪರ್ಟಿಯಲ್ಲಿ ಸಿಎಚ್‌ಎಂ ಕಡತದ (ಸಹಾಯಪುಟಗಳನ್ನೆಲ್ಲ ಒಟ್ಟಿಗೆ ಕಟ್ಟಿಡುವ ವಿಂಡೋಸ್ ಸಹಾಯ ಕಡತ) ಹೆಸರನ್ನು ಕೊಟ್ಟು, ಆಯಾ ಕಂಟ್ರೋಲ್‌ನ (ಫಾರ್ಮ್ ಮೇಲಿನ ಗುಂಡಿ, ಪಠ್ಯಪೆಟ್ಟಿಗೆ ಮುಂತಾದವು) ಹೆಲ್ಪ್‌ನ್ಯಾವಿಗೇಟರ್ ಅನ್ನು ‘ಟಾಪಿಕ್’ ಎಂದು ಆಯ್ದು, ಹೆಲ್ಪ್‌ಕೀವರ್ಡ್‌ನಲ್ಲಿ ಪುಟದ ಕಡತದ ಹೆಸರನ್ನು ನಮೂದಿಸಿದರೆ ಸಾಕು. ಕೋಡ್ ಬರೆಯುವ ಅಗತ್ಯವಿಲ್ಲ. ಪ್ರತಿಯೊಂದು ಪಠ್ಯಪೆಟ್ಟಿಗೆಗೂ ಹೀಗೆ ಮಾಡಬೇಕಿಲ್ಲ, ಏಕೆಂದರೆ ಕಂಟ್ರೋಲ್‌ಗೆ ತನ್ನದೇ ಸಹಾಯವಿಲ್ಲದಿದ್ದರೆ ಕೋರಿಕೆಯು ಅದನ್ನು ಒಳಗೊಂಡಿರುವ ಗ್ರೂಪ್‌ಬಾಕ್ಸ್‌ಗೆ (ಕಂಟ್ರೋಲ್‌ಗಳನ್ನು ಗುಂಪಾಗಿಡುವ ಚೌಕಟ್ಟು), ಅಲ್ಲಿಂದ ಫಾರ್ಮ್‌ಗೆ ತಲುಪುತ್ತದೆ.

ಸಿಎಚ್‌ಎಂ ಕಡತವನ್ನು ಇನ್‌ಸ್ಟಾಲರ್‌ನ ಜೊತೆಗೇ ಬಳಕೆದಾರರ ಗಣಕಕ್ಕೆ ಇಳಿಸುವುದು ಮುಖ್ಯ. ಭದ್ರತಾ ನಿರ್ಬಂಧಗಳ ಕಾರಣ, ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟ ಅಥವಾ ಅಂತರಜಾಲದಿಂದ ನೇರವಾಗಿ ಇಳಿಸಿಕೊಂಡ ಸಿಎಚ್‌ಎಂನಲ್ಲಿ ಎಡಗಡೆಯ ಪರಿವಿಡಿ ಸರಿಯಾಗಿಯೇ ಕಂಡರೂ ಬಲಗಡೆಯ ಪುಟ ಖಾಲಿಯಾಗಿರಬಹುದು. ಇಳಿಸಿಕೊಂಡ ಕಡತವಾದರೆ, ಅದರ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಆಯ್ದಾಗ ಇದು ಸರಿಹೋಗುತ್ತದೆ.

ಸಹಾಯವು ಕನ್ನಡದಲ್ಲಿರಬೇಕಾದರೆ ನಾನು ಸಿಎಚ್‌ಎಂ ಅನ್ನು ಸೂಚಿಸುವುದಿಲ್ಲ. ಅದರೊಳಗಿನ ಪುಟಗಳು ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತದಲ್ಲಿ ಸರಿಯಾಗಿ ಮೂಡುತ್ತವೆಯಾದರೂ, ಪರಿವಿಡಿ, ಸೂಚಿ ಮತ್ತು ಹುಡುಕಾಟಗಳು ಯೂನಿಕೋಡ್ ಅಲ್ಲದ ಹಳೆಯ ಕೋಡ್‌ಪೇಜ್‌ಗಳನ್ನು (ಕೆಲವೇ ಭಾಷೆಗಳಿಗೆ ಸೀಮಿತವಾದ ಅಕ್ಷರಸಂಕೇತಗಳ ಪಟ್ಟಿಗಳು) ಅವಲಂಬಿಸಿವೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಇದಕ್ಕೆ ಬಳಸಬಹುದಾದ ಕೋಡ್‌ಪೇಜ್ ಇಲ್ಲ. ಹೆಲ್ಪ್‌ನೇಮ್‌ಸ್ಪೇಸ್ ಸಾಮಾನ್ಯ ಎಚ್‌ಟಿಎಂಎಲ್ ಕಡತವನ್ನೂ ಸ್ವೀಕರಿಸುವುದರಿಂದ, ಅಂತಹ ಪುಟಗಳನ್ನು ತಂತ್ರಾಂಶದ ಜೊತೆಗಿಟ್ಟು ಬ್ರೌಸರ್‌ನಲ್ಲಿ ತೆರೆಯುವಂತೆ ಮಾಡುವುದೇ ಸುಲಭ. ಪುಟಗಳನ್ನು ಬರೆಯುವಾಗ ಮಾತ್ರ ಮೆನುಗಳ ಕ್ರಮವನ್ನು ಹಿಡಿಯದೆ, ‘ಬಿಲ್ ರದ್ದುಪಡಿಸುವುದು’ ಎಂಬಂತೆ ಬಳಕೆದಾರರ ಕೆಲಸಕ್ಕೊಂದು ಪುಟವಿರಲಿ.